ಆಪ್ಟಿಕಲ್ ಗಾಜಿನ ಕುಶಲಕರ್ಮಿ ತರಬೇತಿ (ಜರ್ಮನಿ)

ಆಪ್ಟಿಕಲ್ ಗಾಜಿನ ಕುಶಲಕರ್ಮಿ ತರಬೇತಿ ಎಂಬುದು ಮಸೂರ, ಪಟ್ಟಕ, ದರ್ಪಣ ಮೊದಲಾದವುಗಳಿಗೆ ಬೇಕಾದ ಗಾಜನ್ನು ಕರಗಿಸಿ ತಯಾರಿಸುವ ಹಾಗೂ ಆ ಗಾಜನ್ನು ಅರೆದು, ಹೊಳಪುಗೊಳಿಸಿ ನಿಖರ ಆಕಾರಕ್ಕೆ ತರುವ ಕೆಲಸವನ್ನು ಕಲಿಸುವ ವೃತ್ತಿಶಿಕ್ಷಣ. ಜರ್ಮನಿಯಲ್ಲಿ ಇದು ಕಾನೂನಿನ ಮಾನ್ಯತೆ ಪಡೆದ ಎರಡು ಪ್ರತ್ಯೇಕ ವೃತ್ತಿಗಳಾಗಿ ರೂಪುಗೊಂಡಿದೆ. ಕುಲುಮೆಯ ಬದಿಯ ಕೆಲಸಕ್ಕೆ 'ಫೆರ್‌ಫಾರೆನ್ಸ್‌ಮೆಖಾನಿಕರ್ ಗ್ಲಾಸ್‌ಟೆಖ್ನಿಕ್' (ಗಾಜು ತಂತ್ರದ ಪ್ರಕ್ರಿಯಾ ಕುಶಲಕರ್ಮಿ) ಎಂದೂ, ತಣಿದ ಗಾಜನ್ನು ಮಸೂರವಾಗಿಸುವ ಕೆಲಸಕ್ಕೆ 'ಫೈನ್‌ಒಪ್ಟಿಕರ್' (ಸೂಕ್ಷ್ಮ ದೃಗುಪಕರಣ ಕುಶಲಕರ್ಮಿ) ಎಂದೂ ಹೆಸರು. ಮೊದಲನೆಯದರ ಅವಧಿ 3 ವರ್ಷ, ಎರಡನೆಯದರ ಅವಧಿ 3½ ವರ್ಷ. ಎರಡರಲ್ಲಿಯೂ ಕಲಿಯುವವರು ವಾರದ ಹೆಚ್ಚಿನ ದಿನಗಳನ್ನು ಕಾರ್ಖಾನೆಯಲ್ಲಿಯೂ ಉಳಿದವನ್ನು ವೃತ್ತಿಶಾಲೆಯಲ್ಲಿಯೂ ಕಳೆಯುತ್ತಾರೆ.

ಸುಮಾರು 200 ವರ್ಷಗಳ ಹಿಂದೆ ಆಪ್ಟಿಕಲ್ ಗಾಜಿನ ತಯಾರಿಕೆ ಕೆಲವೇ ವ್ಯಕ್ತಿಗಳಿಗೆ ತಿಳಿದಿದ್ದ ಗುಟ್ಟಿನ ವಿದ್ಯೆಯಾಗಿತ್ತು. ಆ ವ್ಯಕ್ತಿಗಳು ಸತ್ತರೆ ಅಥವಾ ಊರು ಬಿಟ್ಟರೆ ವಿದ್ಯೆಯೂ ಅವರೊಂದಿಗೆ ಹೋಗುತ್ತಿತ್ತು. ಲಿಖಿತ ಪಠ್ಯಕ್ರಮ, ಶಾಲೆ ಮತ್ತು ಸಾರ್ವಜನಿಕ ಪರೀಕ್ಷೆಗಳಿರುವ ಇಂದಿನ ತರಬೇತಿಯು ಆ ಅನಿಶ್ಚಿತತೆಯನ್ನು ಬಹುಮಟ್ಟಿಗೆ ಹೋಗಲಾಡಿಸಿದೆ.

ಹಿನ್ನೆಲೆ

ಕಿಟಕಿಯ ಗಾಜಿಗೂ ಆಪ್ಟಿಕಲ್ ಗಾಜಿಗೂ ಇರುವ ಮುಖ್ಯ ವ್ಯತ್ಯಾಸ ಏಕರೂಪತೆ. ಕಿಟಕಿಯ ಗಾಜಿನಲ್ಲಿ ಸಣ್ಣ ಗುಳ್ಳೆ, ತೆಳುವಾದ ಎಳೆ, ತುಸು ಹಸಿರು ಛಾಯೆ ಇದ್ದರೂ ಯಾರಿಗೂ ತೊಂದರೆಯಾಗದು. ಮಸೂರದ ಗಾಜಿನಲ್ಲಿ ಇವು ಪ್ರತಿಯೊಂದೂ ಬಿಂಬವನ್ನು ಕೆಡಿಸುತ್ತವೆ. ಆಪ್ಟಿಕಲ್ ಗಾಜನ್ನು ಎರಡು ಸಂಖ್ಯೆಗಳಿಂದ ಗುರುತಿಸುವುದು ರೂಢಿ. ಒಂದು ವಕ್ರೀಭವನ ಸೂಚ್ಯಂಕ; ಇದು ಬೆಳಕು ಗಾಜನ್ನು ಹೊಕ್ಕಾಗ ಎಷ್ಟು ಬಾಗುತ್ತದೆ ಎಂಬುದನ್ನು ತಿಳಿಸುತ್ತದೆ. ಇನ್ನೊಂದು ಅಬ್ಬೆ ಸಂಖ್ಯೆ. ಇದು ಬೇರೆ ಬೇರೆ ಬಣ್ಣಗಳು ಎಷ್ಟರಮಟ್ಟಿಗೆ ಬೇರ್ಪಡುತ್ತವೆ ಎಂಬುದರ ಅಳತೆ. ಅಬ್ಬೆ ಸಂಖ್ಯೆ ಹೆಚ್ಚಿದ್ದಷ್ಟೂ ವರ್ಣವಿಭಜನೆ ಕಡಿಮೆ. ಬಹಳ ಬಳಕೆಯಲ್ಲಿರುವ ಎನ್-ಬಿಕೆ7 ಎಂಬ ಗಾಜಿನ ವಕ್ರೀಭವನ ಸೂಚ್ಯಂಕ 1.5168, ಅಬ್ಬೆ ಸಂಖ್ಯೆ ಸುಮಾರು 64.2. ಹೆಸರಿನ ಮೊದಲಿರುವ 'ಎನ್' ಅಕ್ಷರ ಆ ಗಾಜಿನಲ್ಲಿ ಸೀಸ ಮತ್ತು ಆರ್ಸೆನಿಕ್ ಬಳಸಿಲ್ಲ ಎಂಬುದನ್ನು ಸೂಚಿಸುತ್ತದೆ.

ಗಾಜು ಸಿದ್ಧವಾದ ನಂತರ ಅದರ ಮೇಲ್ಮೈಯನ್ನು ರೂಪಿಸಬೇಕು. ಉತ್ತಮ ಮಸೂರದ ಮೇಲ್ಮೈ ಉದ್ದೇಶಿತ ಆಕಾರದಿಂದ ಬೆಳಕಿನ ತರಂಗಾಂತರದ ಒಂದು ಭಾಗದಷ್ಟು ಮಾತ್ರ ವ್ಯತ್ಯಾಸ ಹೊಂದಿರಬಹುದು. ಅಳತೆಗೆ ಬಳಸುವ ಹೀಲಿಯಂ-ನಿಯಾನ್ ಲೇಸರಿನ ತರಂಗಾಂತರ 632.8 ನ್ಯಾನೊಮೀಟರ್. ಅದರ ಹತ್ತನೆಯ ಒಂದು ಭಾಗವೆಂದರೆ ಸುಮಾರು 63 ನ್ಯಾನೊಮೀಟರ್. ಇದು ತಲೆಗೂದಲಿನ ದಪ್ಪದ ಸುಮಾರು ಸಾವಿರದ ಒಂದು ಭಾಗ. ಇಷ್ಟು ಸಣ್ಣ ದೋಷ ಕಣ್ಣಿಗೂ ಕಾಣದು, ಬೆರಳಿಗೂ ತಿಳಿಯದು. ತಪ್ಪು ನಡೆದುದು ಬೆಳಗ್ಗೆಯಾದರೂ ಅದು ಗೊತ್ತಾಗುವುದು ಸಂಜೆ, ಕೆಲವೊಮ್ಮೆ ವಾರಗಳ ನಂತರ. ಆದ್ದರಿಂದ ಈ ವೃತ್ತಿಯಲ್ಲಿ ಕೈಚಳಕದ ಜೊತೆಗೆ ಭೌತವಿಜ್ಞಾನ, ಗಣಿತ ಮತ್ತು ಅಳತೆಯ ಜ್ಞಾನವೂ ಅನಿವಾರ್ಯ.

ಇತಿಹಾಸ

ಗುಟ್ಟಿನ ವಿದ್ಯೆ

18ನೇ ಶತಮಾನದ ಕೊನೆಯವರೆಗೂ ದೂರದರ್ಶಕಕ್ಕೆ ಯೋಗ್ಯವಾದ ದೊಡ್ಡ ಗಾಜಿನ ಬಿಲ್ಲೆ ದೊರೆಯುವುದು ಅದೃಷ್ಟದ ಮಾತಾಗಿತ್ತು. ಕರಗಿದ ಗಾಜಿನಲ್ಲಿ ಭಾರವಾದ ಅಂಶಗಳು ತಳಕ್ಕಿಳಿದು, ಹಗುರವಾದವು ಮೇಲೆ ಉಳಿದು, ತಣಿದಾಗ ಸಕ್ಕರೆ ಪಾಕವನ್ನು ನೀರಿಗೆ ಸುರಿದಾಗ ಕಾಣುವಂಥ ಎಳೆಗಳು ಮೂಡುತ್ತಿದ್ದವು. ಸ್ವಿಟ್ಜರ್ಲೆಂಡಿನ ಪಿಯೆರ್ ಲೂಯಿ ಗಿನಾಂ (1748–1824) ದೀರ್ಘ ಪ್ರಯೋಗಗಳ ನಂತರ, ಕರಗಿದ ಗಾಜನ್ನು ಬೆಂಕಿಮಣ್ಣಿನ ಕೋಲಿನಿಂದ ಕಲಕಿದರೆ ಅದು ಏಕರೂಪವಾಗುತ್ತದೆ ಎಂದು ಕಂಡುಕೊಂಡನು. 1805ರಲ್ಲಿ ಅವನು ಬವೇರಿಯಾಕ್ಕೆ ಬಂದು, ಉದ್ಯಮಿ ಯೋಸೆಫ್ ಫಾನ್ ಉಟ್ಸ್‌ಶ್ನೈಡರ್‌ನಿಗಾಗಿ ಬೆನೆಡಿಕ್ಟ್‌ಬಾಯರ್ನ್ ಎಂಬಲ್ಲಿ ಗಾಜು ಕರಗಿಸತೊಡಗಿದನು.

ಗಿನಾಂನ ವಿದ್ಯೆ ಹರಡಿದ ಬಗೆ ಆ ಕಾಲದ ಸ್ಥಿತಿಯನ್ನು ತೋರಿಸುತ್ತದೆ. ಅದು ಪುಸ್ತಕದ ಮೂಲಕ ಹರಡಲಿಲ್ಲ. ಅವನ ಮಗ ಆನ್ರಿಯಿಂದ ಅದು ಫ್ರಾನ್ಸಿನ ಜಾರ್ಜ್ ಬೊಂತಾಂನನ್ನು ತಲುಪಿತು. 1848ರ ಕ್ರಾಂತಿಯ ಸಮಯದಲ್ಲಿ ಬೊಂತಾಂ ಇಂಗ್ಲೆಂಡಿಗೆ ಹೋಗಿ ಬರ್ಮಿಂಗ್‌ಹ್ಯಾಮ್ ಬಳಿಯ ಚಾನ್ಸ್ ಸಹೋದರರ ಕಾರ್ಖಾನೆ ಸೇರಿದ ಮೇಲೆ ಅಲ್ಲಿಯೂ ಉತ್ತಮ ಆಪ್ಟಿಕಲ್ ಗಾಜು ತಯಾರಾಗತೊಡಗಿತು. ಅದಕ್ಕೆ ಮೊದಲು, 1820ರ ದಶಕದಲ್ಲಿ, ಬವೇರಿಯಾದ ಗಾಜಿಗೆ ಸಮನಾದುದನ್ನು ತಯಾರಿಸಲು ಲಂಡನ್ನಿನ ರಾಯಲ್ ಸೊಸೈಟಿ ಸಮಿತಿಯೊಂದನ್ನು ನೇಮಿಸಿತ್ತು. ಮೈಕೆಲ್ ಫ್ಯಾರಡೆ ಅದಕ್ಕಾಗಿ ಹಲವು ವರ್ಷ ದುಡಿದರೂ ಉದ್ದಿಮೆಗೆ ಒದಗುವ ಫಲ ಸಿಗಲಿಲ್ಲ.

ಫ್ರೌನ್‌ಹೋಫರ್‌ನ ಕಲಿಕೆ

ಯೋಸೆಫ್ ಫಾನ್ ಫ್ರೌನ್‌ಹೋಫರ್ (1787–1826) ಈ ವೃತ್ತಿಯ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧ ಶಿಷ್ಯ. ಸ್ಟ್ರೌಬಿಂಗ್ ಪಟ್ಟಣದ ಗಾಜುಗಾರನೊಬ್ಬನ ಮಗನಾಗಿ ಹುಟ್ಟಿದ ಅವನು ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡನು. 1799ರಲ್ಲಿ ಅವನನ್ನು ಮ್ಯೂನಿಕ್‌ನ ಆಸ್ಥಾನ ಕನ್ನಡಿಗಾರ ವೈಕ್ಸೆಲ್‌ಬರ್ಗರ್ ಎಂಬವನ ಬಳಿ ಕೆಲಸ ಕಲಿಯಲು ಬಿಡಲಾಯಿತು. ಕಲಿಕೆಯ ಶುಲ್ಕ ಕೊಡಲಾಗದ್ದರಿಂದ ಆರು ವರ್ಷ ಸಂಬಳವಿಲ್ಲದೆ ದುಡಿಯಬೇಕೆಂಬ ಕರಾರಿತ್ತು. ರಜಾದಿನದ ಶಾಲೆಗೆ ಹೋಗುವುದಕ್ಕೂ ಪುಸ್ತಕ ಓದುವುದಕ್ಕೂ ಯಜಮಾನನು ಅಡ್ಡಿಪಡಿಸುತ್ತಿದ್ದನು.

1801ರ ಜುಲೈ 21ರಂದು ಆ ಮನೆ ಕುಸಿದು ಬಿದ್ದಿತು. ಅವಶೇಷಗಳಡಿಯಿಂದ ಹುಡುಗನನ್ನು ಜೀವಂತವಾಗಿ ಹೊರತೆಗೆಯುವಾಗ ಸ್ಥಳಕ್ಕೆ ಬಂದಿದ್ದ ಬವೇರಿಯಾದ ಅರಸ ಮ್ಯಾಕ್ಸಿಮಿಲಿಯನ್ ಅವನಿಗೆ ಹಣದ ನೆರವು ನೀಡಿದನು. ಉಟ್ಸ್‌ಶ್ನೈಡರ್ ಪುಸ್ತಕಗಳನ್ನು ಒದಗಿಸಿದನು. ಫ್ರೌನ್‌ಹೋಫರ್ ಆ ಹಣದ ಒಂದು ಭಾಗದಿಂದ ಗಾಜು ಅರೆಯುವ ಯಂತ್ರವನ್ನು ಕೊಂಡು, ಇನ್ನೊಂದು ಭಾಗದಿಂದ ಕಲಿಕೆಯ ಕರಾರಿನ ಉಳಿದ ಅವಧಿಯನ್ನು ಬಿಡಿಸಿಕೊಂಡನು.

1806ರಲ್ಲಿ ಉಟ್ಸ್‌ಶ್ನೈಡರ್‌ನ ಸಂಸ್ಥೆ ಸೇರಿದ ಫ್ರೌನ್‌ಹೋಫರ್ ಮುಂದೆ ಬೆನೆಡಿಕ್ಟ್‌ಬಾಯರ್ನ್‌ನಲ್ಲಿ ಗಿನಾಂನಿಂದ ಗಾಜು ಕರಗಿಸುವುದನ್ನು ಕಲಿತನು. ಕಲಿತುದನ್ನು ಅವನು ಅಳತೆಗೆ ಒಳಪಡಿಸಿದನು. ಬೇರೆ ಬೇರೆ ಗಾಜುಗಳ ವಕ್ರೀಭವನವನ್ನು ಕರಾರುವಾಕ್ಕಾಗಿ ಅಳೆಯಲು ಹೊರಟಾಗ, 1814ರಲ್ಲಿ, ಸೂರ್ಯನ ವರ್ಣಪಟಲದಲ್ಲಿ ನೂರಾರು ಕಪ್ಪು ಗೆರೆಗಳನ್ನು ಗುರುತಿಸಿದನು. ಇಂದು ಅವುಗಳಿಗೆ ಫ್ರೌನ್‌ಹೋಫರ್ ಗೆರೆಗಳೆಂದೇ ಹೆಸರು. ಖಗೋಳವಿಜ್ಞಾನಕ್ಕೆ ಹೊಸ ದಾರಿ ತೆರೆದ ಈ ಗೆರೆಗಳು ಅವನಿಗೆ ಮೊದಲು ಒದಗಿದ್ದು ಗಾಜನ್ನು ಅಳೆಯಲು ಬೇಕಾದ ನಿಶ್ಚಿತ ಗುರುತುಗಳಾಗಿ. ಅವನು 39ನೆಯ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡನು.

ಯೇನಾ

ಕಾರ್ಲ್ ಜೈಸ್ (1816–1888) ಯೇನಾದ ಯಂತ್ರಕುಶಲಿ ಫ್ರೀಡ್ರಿಕ್ ಕ್ಯೋರ್ನರ್ ಬಳಿ ಕೆಲಸ ಕಲಿತು, 1846ರಲ್ಲಿ ಅದೇ ಊರಿನಲ್ಲಿ ಸ್ವಂತ ಕಾರ್ಯಾಗಾರ ತೆರೆದನು. ಅವನ ಮೊದಲ ಶಿಷ್ಯರಲ್ಲಿ ಒಬ್ಬನಾದ ಆಗುಸ್ಟ್ ಲ್ಯೋಬರ್, ಮಸೂರದ ಮೇಲ್ಮೈಯನ್ನು ಪರೀಕ್ಷಾ ಗಾಜಿನ ಮೇಲಿಟ್ಟು ವ್ಯತಿಕರಣದ ಬಣ್ಣದ ಉಂಗುರಗಳಿಂದ ದೋಷ ಕಂಡುಹಿಡಿಯುವ ವಿಧಾನವನ್ನು ಆ ಕಾರ್ಯಾಗಾರದಲ್ಲಿ ಬೆಳೆಸಿದನು. ಇಂದಿನ ತರಬೇತಿಯಲ್ಲಿಯೂ ಈ ವಿಧಾನ ಕಲಿಸಲಾಗುತ್ತದೆ.

ಭೌತವಿಜ್ಞಾನಿ ಎರ್ನ್ಸ್ಟ್ ಅಬ್ಬೆ ಸೂಕ್ಷ್ಮದರ್ಶಕದ ಸಿದ್ಧಾಂತವನ್ನು ರೂಪಿಸಿದ ಮೇಲೆ, ಲಭ್ಯವಿದ್ದ ಗಾಜುಗಳು ಆ ಲೆಕ್ಕಾಚಾರಕ್ಕೆ ಸಾಲದೆಂಬುದು ಸ್ಪಷ್ಟವಾಯಿತು. ರಸಾಯನವಿಜ್ಞಾನಿ ಒಟ್ಟೊ ಷಾಟ್ (1851–1935) ಹೊಸ ಮೂಲವಸ್ತುಗಳನ್ನು ಸೇರಿಸಿ ಗಾಜಿನ ಗುಣಗಳನ್ನು ಉದ್ದೇಶಪೂರ್ವಕವಾಗಿ ಬದಲಿಸಬಹುದೆಂದು ತೋರಿಸಿದನು. 1884ರಲ್ಲಿ ಷಾಟ್, ಅಬ್ಬೆ, ಕಾರ್ಲ್ ಜೈಸ್ ಮತ್ತು ಅವನ ಮಗ ರೋಡೆರಿಕ್ ಸೇರಿ ಯೇನಾದಲ್ಲಿ ಗಾಜು ತಂತ್ರದ ಪ್ರಯೋಗಾಲಯ ಸ್ಥಾಪಿಸಿದರು. 1886ರ ಅದರ ಮೊದಲ ಬೆಲೆಪಟ್ಟಿಯಲ್ಲಿ 44 ಬಗೆಯ ಗಾಜುಗಳಿದ್ದವು. ಪ್ರತಿಯೊಂದರ ಅಳತೆಗಳನ್ನೂ ಮುದ್ರಿಸಲಾಗಿತ್ತು. ಗಾಜಿನ ಗುಣವನ್ನು ಸಂಖ್ಯೆಗಳಲ್ಲಿ ಪ್ರಕಟಿಸುವ ಈ ಕ್ರಮ ಕೆಲಸಗಾರನಿಂದಲೂ ಹೊಸ ಬಗೆಯ ತಿಳಿವಳಿಕೆಯನ್ನು ಬೇಡಿತು. ಗುರು ಹೇಳಿದಷ್ಟನ್ನು ಮಾಡುವುದು ಇನ್ನು ಸಾಕಾಗುತ್ತಿರಲಿಲ್ಲ. ತಾಪಮಾನ, ತೂಕ, ಸಮಯಗಳನ್ನು ಬರೆದಿಟ್ಟು ಅದೇ ಫಲವನ್ನು ಮತ್ತೆ ಪಡೆಯಬೇಕಾಗಿತ್ತು.

20ನೇ ಶತಮಾನ

ಮೊದಲನೆಯ ಮಹಾಯುದ್ಧ ಆರಂಭವಾದಾಗ ಬ್ರಿಟನ್ ತನಗೆ ಬೇಕಾದ ಆಪ್ಟಿಕಲ್ ಗಾಜಿನ ಬಹುಪಾಲನ್ನು ಜರ್ಮನಿಯಿಂದಲೇ ತರಿಸಿಕೊಳ್ಳುತ್ತಿತ್ತು. ದುರ್ಬೀನು, ದೂರಮಾಪಕಗಳಿಗೆ ಗಾಜಿಲ್ಲದ ಸ್ಥಿತಿ ಒದಗಿತು. ಅಮೆರಿಕ ಸಂಯುಕ್ತ ಸಂಸ್ಥಾನವೂ 1917ರಲ್ಲಿ ಇದೇ ಕೊರತೆಯನ್ನು ಎದುರಿಸಿ, ಕಾರ್ನೆಗಿ ಸಂಸ್ಥೆಯ ಭೂಭೌತ ಪ್ರಯೋಗಾಲಯದ ವಿಜ್ಞಾನಿಗಳನ್ನು ಗಾಜಿನ ಕಾರ್ಖಾನೆಗಳಿಗೆ ಕಳುಹಿಸಿತು. ನುರಿತ ಕೆಲಸಗಾರರನ್ನು ಹಠಾತ್ತನೆ ಸಿದ್ಧಪಡಿಸಲಾಗದೆಂಬುದು ಈ ಎರಡು ದೇಶಗಳೂ ಕಲಿತ ಪಾಠ.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಇದು ಮತ್ತೊಂದು ರೀತಿಯಲ್ಲಿ ಕಂಡುಬಂದಿತು. 1945ರ ಏಪ್ರಿಲ್‌ನಲ್ಲಿ ಯೇನಾವನ್ನು ವಶಪಡಿಸಿಕೊಂಡಿದ್ದ ಅಮೆರಿಕದ ಸೇನೆ, ಒಪ್ಪಂದದಂತೆ ಊರನ್ನು ಸೋವಿಯತ್ ಸೇನೆಗೆ ಬಿಟ್ಟುಕೊಡುವ ಮೊದಲು ಜೈಸ್ ಮತ್ತು ಷಾಟ್ ಕಾರ್ಖಾನೆಗಳ ಆಯ್ದ ತಜ್ಞರನ್ನು ಕುಟುಂಬಸಮೇತ ಪಶ್ಚಿಮಕ್ಕೆ ಸಾಗಿಸಿತು. ಷಾಟ್ ಕಾರ್ಖಾನೆಯಿಂದ ಹೋದ ಗುಂಪು '41 ಗಾಜುಗಾರರ ಪಯಣ' ಎಂಬ ಹೆಸರಿನಿಂದ ನೆನಪಿನಲ್ಲಿದೆ. ಅವರ ದುಡಿಮೆಯಿಂದ 1952ರಲ್ಲಿ ಮೈನ್ಸ್ ನಗರದಲ್ಲಿ ಹೊಸ ಗಾಜಿನ ಕಾರ್ಖಾನೆ ಆರಂಭವಾಯಿತು. ಜೈಸ್‌ನ ತಜ್ಞರು ಓಬರ್‌ಕೋಹೆನ್‌ನಲ್ಲಿ ನೆಲೆಯೂರಿದರು. ಯೇನಾದಲ್ಲಿ ಉಳಿದ ಯಂತ್ರಗಳ ದೊಡ್ಡ ಪಾಲನ್ನು ಸೋವಿಯತ್ ಒಕ್ಕೂಟ ಕಳಚಿ ಒಯ್ಯಿತು. ಹಲವು ತಜ್ಞರನ್ನೂ ಕರೆದೊಯ್ಯಿತು. ಹೀಗೆ ಯುದ್ಧದ ನಂತರ ಪೂರ್ವ ಹಾಗೂ ಪಶ್ಚಿಮ ಜರ್ಮನಿಗಳೆರಡೂ ಹೊಸ ಪೀಳಿಗೆಯನ್ನು ತರಬೇತುಗೊಳಿಸಬೇಕಾಯಿತು.

ಪಶ್ಚಿಮ ಜರ್ಮನಿಯಲ್ಲಿ 1969ರ ವೃತ್ತಿಶಿಕ್ಷಣ ಕಾನೂನು ಎಲ್ಲ ವೃತ್ತಿಗಳ ತರಬೇತಿಗೂ ಏಕರೂಪದ ಚೌಕಟ್ಟನ್ನು ಒದಗಿಸಿತು. 1990ರ ಏಕೀಕರಣದ ನಂತರ ಅದು ಇಡೀ ದೇಶಕ್ಕೆ ಅನ್ವಯವಾಯಿತು.

ಎರಡು ವೃತ್ತಿಗಳು

ಗಾಜು ತಂತ್ರದ ಪ್ರಕ್ರಿಯಾ ಕುಶಲಕರ್ಮಿ ಮೂಲವಸ್ತುಗಳ ಮಿಶ್ರಣ, ಕರಗಿಸುವಿಕೆ, ಅಚ್ಚು ಹಾಕುವಿಕೆ ಮತ್ತು ನಿಧಾನ ತಣಿಸುವಿಕೆಗಳ ಹೊಣೆ ಹೊರುತ್ತಾರೆ. ಈ ವೃತ್ತಿ ಆಪ್ಟಿಕಲ್ ಗಾಜಿಗೆ ಮಾತ್ರ ಸೀಮಿತವಲ್ಲ. ಬಾಟಲಿ ಮತ್ತು ಹಾಳೆ ಗಾಜಿನ ಕಾರ್ಖಾನೆಗಳಲ್ಲಿಯೂ ಇದೇ ತರಬೇತಿ ಇದೆ.

ಫೈನ್‌ಒಪ್ಟಿಕರ್ ಕುಲುಮೆಯಿಂದ ಬಂದ ಗಾಜಿನ ಗಟ್ಟಿಯನ್ನು ಮಸೂರ, ಪಟ್ಟಕ, ಸಮತಲ ಫಲಕ ಅಥವಾ ದರ್ಪಣವಾಗಿ ರೂಪಿಸುತ್ತಾರೆ. ಸೂಕ್ಷ್ಮದರ್ಶಕ, ಕ್ಯಾಮೆರಾ, ದೂರದರ್ಶಕ, ಲೇಸರ್, ವೈದ್ಯಕೀಯ ಅಂತರ್ದರ್ಶಕ ಮತ್ತು ಅರೆವಾಹಕ ಚಿಪ್ ತಯಾರಿಸುವ ಯಂತ್ರಗಳಿಗೆ ಬೇಕಾದ ಭಾಗಗಳು ಇವರ ಕೈಯಿಂದ ಹೊರಬರುತ್ತವೆ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಹೊಂದಿಸಿಕೊಡುವವರ ವೃತ್ತಿ ಬೇರೆ; ಅದಕ್ಕೆ ಜರ್ಮನ್‌ನಲ್ಲಿ 'ಔಗೆನ್‌ಒಪ್ಟಿಕರ್' ಎಂದು ಹೆಸರು.

ಯೇನಾ, ವೆಟ್ಸ್‌ಲರ್, ಗ್ಯೋಟಿಂಗೆನ್, ಓಬರ್‌ಕೋಹೆನ್ ಮತ್ತು ರಾಟೆನೊ ಜರ್ಮನಿಯ ದೃಗುಪಕರಣ ಉದ್ದಿಮೆಯ ಹಳೆಯ ಕೇಂದ್ರಗಳು. ಬವೇರಿಯಾದ ಟ್ಸ್ವೀಸೆಲ್ ಪಟ್ಟಣದಲ್ಲಿ 1904ರಲ್ಲಿ ಸ್ಥಾಪನೆಯಾದ ಗಾಜಿನ ವೃತ್ತಿಶಾಲೆ ಇಂದಿಗೂ ಗಾಜಿನ ವಿವಿಧ ಕೆಲಸಗಳನ್ನು ಕಲಿಸುತ್ತಿದೆ.

ತರಬೇತಿಯ ವ್ಯವಸ್ಥೆ

ಜರ್ಮನಿಯ ವೃತ್ತಿಶಿಕ್ಷಣಕ್ಕೆ ದ್ವಿಮುಖ ಪದ್ಧತಿ ಎಂದು ಹೆಸರು. ಕಲಿಯುವವರು ಮೊದಲು ಒಂದು ಉದ್ಯಮದೊಂದಿಗೆ ಲಿಖಿತ ತರಬೇತಿ ಕರಾರು ಮಾಡಿಕೊಳ್ಳುತ್ತಾರೆ. ಆ ಕರಾರು ವಾಣಿಜ್ಯ-ಕೈಗಾರಿಕಾ ಮಂಡಳಿಯಲ್ಲಿ ಅಥವಾ ಕುಶಲಕರ್ಮಿಗಳ ಮಂಡಳಿಯಲ್ಲಿ ನೋಂದಣಿಯಾಗುತ್ತದೆ. ವಾರಕ್ಕೆ ಮೂರು-ನಾಲ್ಕು ದಿನ ಉದ್ಯಮದಲ್ಲಿ ಕೆಲಸ, ಒಂದು-ಎರಡು ದಿನ ವೃತ್ತಿಶಾಲೆಯಲ್ಲಿ ಪಾಠ ಎಂಬುದು ಸಾಮಾನ್ಯ ಕ್ರಮ. ಕಲಿಯುವವರ ಸಂಖ್ಯೆ ಕಡಿಮೆಯಿರುವ ವೃತ್ತಿಗಳಲ್ಲಿ ಶಾಲೆ ದೂರದ ಊರಿನಲ್ಲಿರುವುದರಿಂದ, ಕೆಲವು ವಾರ ಸತತವಾಗಿ ಶಾಲೆಯಲ್ಲಿಯೇ ಕಳೆಯುವ ಏರ್ಪಾಡೂ ಇದೆ.

ವೃತ್ತಿಶಿಕ್ಷಣ ಕಾನೂನಿನ ಮುಖ್ಯ ಅಂಶಗಳು ಹೀಗಿವೆ:

• ತರಬೇತಿಗೆ ಸೇರಲು ಕಾನೂನು ಯಾವುದೇ ನಿರ್ದಿಷ್ಟ ವಿದ್ಯಾರ್ಹತೆಯನ್ನು ವಿಧಿಸುವುದಿಲ್ಲ. ಆದರೆ ಉದ್ಯಮಗಳು ಗಣಿತ ಮತ್ತು ಭೌತವಿಜ್ಞಾನದಲ್ಲಿ ಉತ್ತಮ ಅಂಕ ಪಡೆದವರನ್ನು ಆರಿಸಿಕೊಳ್ಳುವುದು ವಾಡಿಕೆ.
• ಆರಂಭದ ಪರೀಕ್ಷಾರ್ಥ ಅವಧಿ ಒಂದು ತಿಂಗಳಿಗಿಂತ ಕಡಿಮೆಯಿರಬಾರದು, ನಾಲ್ಕು ತಿಂಗಳನ್ನು ಮೀರಬಾರದು.
• ಕಲಿಯುವವರಿಗೆ ಪ್ರತಿ ತಿಂಗಳೂ ಭತ್ಯೆ ಕೊಡಬೇಕು. ಅದು ವರ್ಷದಿಂದ ವರ್ಷಕ್ಕೆ ಹೆಚ್ಚಬೇಕು. 2020ರಲ್ಲಿ ಕನಿಷ್ಠ ಭತ್ಯೆಯ ನಿಯಮ ಜಾರಿಗೆ ಬಂದಿತು. ಆ ವರ್ಷ ಸೇರಿದವರಿಗೆ ಮೊದಲ ವರ್ಷದ ಕನಿಷ್ಠ ಭತ್ಯೆ ತಿಂಗಳಿಗೆ 515 ಯೂರೊ ಆಗಿತ್ತು.
• ಶಾಲೆಯ ಪಾಠಕ್ಕೂ ಪರೀಕ್ಷೆಗೂ ಉದ್ಯಮವು ಬಿಡುವು ಕೊಡಲೇಬೇಕು.
• ಕಲಿಯುವವರು ಕೆಲಸದ ದಿನಚರಿ ಪುಸ್ತಕ ಬರೆಯಬೇಕು. ತರಬೇತುದಾರರು ಅದನ್ನು ನಿಯತವಾಗಿ ಪರಿಶೀಲಿಸಬೇಕು.

ಫ್ರೌನ್‌ಹೋಫರ್‌ನ ಕಾಲದಲ್ಲಿ ಯಜಮಾನನ ಇಚ್ಛೆಗೆ ಬಿಟ್ಟಿದ್ದ ಸಂಬಳ, ಶಾಲೆ, ಓದು ಈ ಮೂರೂ ಈಗ ಕಲಿಯುವವರ ಕಾನೂನುಬದ್ಧ ಹಕ್ಕುಗಳಾಗಿವೆ.

ಕಲಿಕೆಯ ವಿಷಯಗಳು

ಕರಗಿಸುವಿಕೆ ಮತ್ತು ತಣಿಸುವಿಕೆ

ಆಪ್ಟಿಕಲ್ ಗಾಜಿನ ಮುಖ್ಯ ಮೂಲವಸ್ತು ಶುದ್ಧ ಸಿಲಿಕಾ. ಇದಕ್ಕೆ ಗಾಜಿನ ಬಗೆಗೆ ತಕ್ಕಂತೆ ಬೋರಾನ್, ಬೇರಿಯಂ, ಲ್ಯಾಂಥನಂ ಮೊದಲಾದವುಗಳ ಆಕ್ಸೈಡುಗಳನ್ನು ಬೆರೆಸುತ್ತಾರೆ. ಕಬ್ಬಿಣದ ಅಂಶ ಅತ್ಯಲ್ಪ ಸೇರಿದರೂ ಗಾಜಿಗೆ ಹಸಿರು ಛಾಯೆ ಬರುವುದರಿಂದ, ತೂಕ ಹಾಕುವ ಹಂತದಲ್ಲಿಯೇ ಸ್ವಚ್ಛತೆಯ ಪಾಠ ಆರಂಭವಾಗುತ್ತದೆ. ಕರಗಿದ ಗಾಜು ಮೂಸೆಯ ಗೋಡೆಯನ್ನೇ ಕರಗಿಸಿಕೊಂಡು ಮಲಿನವಾಗದಂತೆ ಪ್ಲಾಟಿನಂ ಲೋಹದ ಪಾತ್ರೆ ಮತ್ತು ಕಲಕುಗೋಲುಗಳನ್ನು ಬಳಸಲಾಗುತ್ತದೆ. ಗುಳ್ಳೆಗಳು ಮೇಲೇರಿ ಹೊರಹೋಗುವಂತೆ ತಾಪವನ್ನು ಏರಿಸುವುದು, ನಂತರ ಕಲಕಿ ಏಕರೂಪಗೊಳಿಸುವುದು, ಬಳಿಕ ಅಚ್ಚಿಗೆ ಸುರಿಯುವುದು ಇಲ್ಲಿನ ಮುಖ್ಯ ಹಂತಗಳು.

ಎರಕದ ನಂತರದ ತಣಿಸುವಿಕೆಗೆ ತರಬೇತಿಯಲ್ಲಿ ವಿಶೇಷ ಗಮನ ಕೊಡಲಾಗುತ್ತದೆ. ಗಾಜು ಬೇಗ ತಣಿದರೆ ಹೊರಭಾಗ ಮೊದಲು ಗಟ್ಟಿಯಾಗಿ ಒಳಗೆ ಬಿಗಿತ ಉಳಿಯುತ್ತದೆ. ಅಂಥ ಗಾಜು ಅರೆಯುವಾಗ ಸೀಳಬಹುದು, ಇಲ್ಲವೆ ಅದರ ವಕ್ರೀಭವನ ಒಂದು ಬದಿಯಿಂದ ಇನ್ನೊಂದು ಬದಿಗೆ ಬದಲಾಗಬಹುದು. ಆದ್ದರಿಂದ ಗಾತ್ರಕ್ಕೆ ತಕ್ಕಂತೆ ಹಲವು ದಿನ, ವಾರ, ದೊಡ್ಡ ದೂರದರ್ಶಕದ ಬಿಲ್ಲೆಗಳಾದರೆ ತಿಂಗಳುಗಳ ಕಾಲ ತಾಪವನ್ನು ಲೆಕ್ಕ ಹಾಕಿ ಇಳಿಸುತ್ತಾರೆ. ತಣಿದ ಗಾಜನ್ನು ಎರಡು ಧ್ರುವೀಕಾರಕಗಳ ನಡುವೆ ಇಟ್ಟು ನೋಡಿದರೆ ಬಿಗಿತ ಉಳಿದ ಜಾಗಗಳು ಬೆಳಕಾಗಿಯೋ ಬಣ್ಣಬಣ್ಣವಾಗಿಯೋ ಕಾಣುತ್ತವೆ. ಎಳೆಗಳನ್ನು ಪತ್ತೆಹಚ್ಚಲು ಗಾಜಿನ ಮೂಲಕ ಬೆಳಕು ಹಾಯಿಸಿ ಪರದೆಯ ಮೇಲೆ ಬೀಳುವ ನೆರಳನ್ನು ಪರೀಕ್ಷಿಸಲಾಗುತ್ತದೆ.

ಅರೆಯುವಿಕೆ ಮತ್ತು ಹೊಳಪು

ಫೈನ್‌ಒಪ್ಟಿಕರ್ ತರಬೇತಿಯ ತಿರುಳು ಈ ಭಾಗ. ಕೆಲಸದ ಕ್ರಮ ಸ್ಥೂಲವಾಗಿ ಹೀಗಿದೆ:

1. ಗಾಜಿನ ಗಟ್ಟಿಯನ್ನು ವಜ್ರದ ಹುಡಿ ಕೂರಿಸಿದ ಗರಗಸದಿಂದ ಕತ್ತರಿಸುವುದು.
2. ವಜ್ರದ ಉಪಕರಣದಿಂದ ಕೊರೆದು ಸ್ಥೂಲವಾದ ಬಾಗನ್ನು ಕೊಡುವುದು.
3. ಬಿಲ್ಲೆಗಳನ್ನು ರಾಳ ಅಥವಾ ಮೇಣದಿಂದ ಹಿಡಿಕೆಗೆ ಅಂಟಿಸುವುದು.
4. ಸಿಲಿಕಾನ್ ಕಾರ್ಬೈಡ್ ಅಥವಾ ಅಲ್ಯೂಮಿನಿಯಂ ಆಕ್ಸೈಡಿನ ಹುಡಿಯನ್ನು ನೀರಿನಲ್ಲಿ ಕಲಸಿ, ಒರಟಿನಿಂದ ನಯದವರೆಗೆ ಹಂತಹಂತವಾಗಿ ಅರೆಯುವುದು.
5. ರಾಳದ ಅಥವಾ ಪಾಲಿಯುರೆಥೇನ್‌ನ ಮೆತ್ತೆಯ ಮೇಲೆ ಸೀರಿಯಂ ಆಕ್ಸೈಡ್ ಬಳಸಿ ಹೊಳಪು ಕೊಡುವುದು.
6. ಮಸೂರದ ದೃಗಕ್ಷವು ಅದರ ಅಂಚಿನ ನಡುಮಧ್ಯಕ್ಕೆ ಬರುವಂತೆ ಅಂಚನ್ನು ಅರೆಯುವುದು.
7. ತೊಳೆದು, ನಿರ್ವಾತದಲ್ಲಿ ತೆಳುಪದರದ ಲೇಪನ ಕೊಡುವುದು.
8. ಅಗತ್ಯವಿದ್ದರೆ ಎರಡು ಮಸೂರಗಳನ್ನು ಪಾರದರ್ಶಕ ಅಂಟಿನಿಂದ ಜೋಡಿಸುವುದು.

ಪ್ರತಿ ಹಂತದಲ್ಲಿ ಹಿಂದಿನ ಹಂತದ ಗೀರುಗಳು ಪೂರ್ತಿ ಹೋಗಬೇಕು. ಒರಟು ಹುಡಿಯ ಒಂದು ಕಣ ನಯವಾದ ಹುಡಿಗೆ ಸೇರಿದರೂ ಇಡೀ ಮೇಲ್ಮೈ ಮತ್ತೆ ಗೀರುಬೀಳುತ್ತದೆ. ಹೀಗಾಗಿ ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಕೈ, ಉಗುರು, ಬಟ್ಟೆ, ಬೋಗುಣಿಗಳನ್ನು ತೊಳೆಯುವುದು ಅಭ್ಯಾಸವಾಗಬೇಕು. ರಾಳದ ಮೆತ್ತೆಯ ಗಟ್ಟಿತನ ಕೋಣೆಯ ತಾಪದೊಂದಿಗೆ ಬದಲಾಗುತ್ತದೆ. ತೀರ ಮೆದುವಾದರೆ ಆಕಾರ ಕೆಡುತ್ತದೆ, ತೀರ ಗಟ್ಟಿಯಾದರೆ ಗೀರು ಬೀಳುತ್ತದೆ. ಅದನ್ನು ಒತ್ತಿ ನೋಡಿ ಅಂದಾಜು ಮಾಡುವ ಹದ ಪುಸ್ತಕದಿಂದ ಬರುವಂಥದಲ್ಲ.

ಹೊಳಪು ಕೊಡುವಾಗ ಉಜ್ಜುವಿಕೆಯಿಂದ ಗಾಜು ಬಿಸಿಯಾಗುತ್ತದೆ. ಬಿಸಿಯಾದ ಮೇಲ್ಮೈಯ ಆಕಾರ ತಣಿದ ನಂತರದ ಆಕಾರಕ್ಕಿಂತ ಬೇರೆಯಾಗಿರುವುದರಿಂದ, ಅಳತೆಗೆ ಮೊದಲು ಕಾಯಲೇಬೇಕು. ಅವಸರದಲ್ಲಿ ಅಳೆದು, ಇಲ್ಲದ ದೋಷವನ್ನು ತಿದ್ದಲು ಹೊರಡುವುದು ಹೊಸಬರಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪು.

ಅಳತೆ

ಪರೀಕ್ಷಾ ಗಾಜನ್ನು ಮಸೂರದ ಮೇಲಿಟ್ಟಾಗ ಎರಡರ ನಡುವಿನ ಗಾಳಿಯ ತೆಳುಪದರದಿಂದ ನ್ಯೂಟನ್ ಉಂಗುರಗಳು ಮೂಡುತ್ತವೆ. ಒಂದು ಉಂಗುರದಿಂದ ಮುಂದಿನ ಉಂಗುರಕ್ಕೆ ಅಂತರದ ವ್ಯತ್ಯಾಸ ಅರ್ಧ ತರಂಗಾಂತರ. ಹೀಲಿಯಂ-ನಿಯಾನ್ ಲೇಸರಿನ ಬೆಳಕಿನಲ್ಲಿ ಇದು ಸುಮಾರು 316 ನ್ಯಾನೊಮೀಟರ್. ಉಂಗುರಗಳ ಸಂಖ್ಯೆಯಿಂದ ಬಾಗಿನ ವ್ಯತ್ಯಾಸವನ್ನೂ, ಅವುಗಳ ಆಕಾರದಿಂದ ಮೇಲ್ಮೈಯ ಓರೆಕೋರೆಯನ್ನೂ ಓದಬಹುದು. ಉಂಗುರಗಳು ದುಂಡಗಿದ್ದರೆ ಮೇಲ್ಮೈ ಗೋಳೀಯವಾಗಿದೆ. ಅಂಡಾಕಾರವಾಗಿದ್ದರೆ ಒಂದು ದಿಕ್ಕಿನಲ್ಲಿ ಹೆಚ್ಚು ಸವೆದಿದೆ. ಮೇಲಿನಿಂದ ಮೆಲ್ಲನೆ ಒತ್ತಿದಾಗ ಉಂಗುರಗಳು ಹೊರಕ್ಕೆ ಸರಿಯುತ್ತವೆಯೋ ಒಳಕ್ಕೆ ಸರಿಯುತ್ತವೆಯೋ ಎಂಬುದರಿಂದ ದೋಷವು ಉಬ್ಬೋ ತಗ್ಗೋ ಎಂದು ನಿರ್ಧರಿಸುತ್ತಾರೆ. ಇಂಟರ್‌ಫೆರೊಮೀಟರ್ ಎಂಬ ಉಪಕರಣವು ಇದೇ ತತ್ತ್ವವನ್ನು ಬಳಸಿ, ಮಸೂರವನ್ನು ಮುಟ್ಟದೆಯೇ ಗಣಕಯಂತ್ರದ ಪರದೆಯ ಮೇಲೆ ಮೇಲ್ಮೈಯ ನಕ್ಷೆಯನ್ನು ಕೊಡುತ್ತದೆ.

ಶಾಲೆಯ ಪಾಠ

ವೃತ್ತಿಶಾಲೆಯಲ್ಲಿ ಜ್ಯಾಮಿತೀಯ ದೃಗ್ವಿಜ್ಞಾನ, ಬೆಳಕಿನ ತರಂಗ ಸ್ವರೂಪ, ಗಾಜಿನ ರಸಾಯನವಿಜ್ಞಾನ, ತಾಂತ್ರಿಕ ಚಿತ್ರಗಳ ಓದು, ಗಣಕ ನಿಯಂತ್ರಿತ ಯಂತ್ರಗಳ ಪರಿಚಯ ಮತ್ತು ಗುಣಮಟ್ಟ ನಿರ್ವಹಣೆ ಕಲಿಸಲಾಗುತ್ತದೆ. ಜೊತೆಗೆ ಭಾಷೆ, ಸಮಾಜ ಮತ್ತು ಅರ್ಥವ್ಯವಸ್ಥೆಯ ಪಾಠಗಳೂ ಇವೆ. ಲೇಪನದ ಉದಾಹರಣೆಯಲ್ಲಿ ಶಾಲೆ ಮತ್ತು ಕಾರ್ಖಾನೆಗಳ ಸಂಬಂಧವನ್ನು ಕಾಣಬಹುದು. ಸಾಮಾನ್ಯ ಗಾಜಿನ ಪ್ರತಿ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು 4%ರಷ್ಟನ್ನು ಪ್ರತಿಫಲಿಸುತ್ತದೆ. ಹತ್ತು ಮೇಲ್ಮೈಗಳಿರುವ ಉಪಕರಣದಲ್ಲಿ ಹೀಗೆ ಮೂರನೆಯ ಒಂದು ಭಾಗದಷ್ಟು ಬೆಳಕು ನಷ್ಟವಾಗುತ್ತದೆ. ಕಾಲು ತರಂಗಾಂತರ ದಪ್ಪದ ಮೆಗ್ನೀಸಿಯಂ ಫ್ಲೋರೈಡ್ ಪದರ ಪ್ರತಿ ಮೇಲ್ಮೈಯ ನಷ್ಟವನ್ನು ಒಂದೂವರೆ ಶೇಕಡಕ್ಕಿಂತ ಕೆಳಗಿಳಿಸುತ್ತದೆ. ಈ ಲೆಕ್ಕವನ್ನು ಶಾಲೆಯಲ್ಲಿ ಮಾಡಿದವರಿಗೆ ಕಾರ್ಖಾನೆಯಲ್ಲಿ ಪದರದ ದಪ್ಪವನ್ನು ಏಕೆ ಅಷ್ಟು ಎಚ್ಚರದಿಂದ ಕಾಯಬೇಕೆಂಬುದು ಅರ್ಥವಾಗುತ್ತದೆ.

ಪರೀಕ್ಷೆ ಮತ್ತು ಪ್ರಮಾಣಪತ್ರ

ತರಬೇತಿಯ ನಡುವೆ ಒಂದು ಪರೀಕ್ಷೆ ಹಾಗೂ ಕೊನೆಯಲ್ಲಿ ಒಂದು ಪರೀಕ್ಷೆ ಇರುತ್ತವೆ. ಇವನ್ನು ತರಬೇತಿ ಕೊಟ್ಟ ಉದ್ಯಮ ತಾನೇ ನಡೆಸುವಂತಿಲ್ಲ. ಮಂಡಳಿ ನೇಮಿಸಿದ ಪರೀಕ್ಷಾ ಸಮಿತಿ ನಡೆಸುತ್ತದೆ. ಸಮಿತಿಯಲ್ಲಿ ಉದ್ಯಮದಾತರು, ನೌಕರರು ಮತ್ತು ವೃತ್ತಿಶಾಲೆಯ ಶಿಕ್ಷಕರು ಮೂವರ ಪ್ರತಿನಿಧಿಗಳೂ ಇರುತ್ತಾರೆ. ಲಿಖಿತ ಪರೀಕ್ಷೆಯ ಜೊತೆಗೆ ಪ್ರಾಯೋಗಿಕ ಕೆಲಸವೂ ಇರುತ್ತದೆ. ತೇರ್ಗಡೆಯಾದವರಿಗೆ ಮಂಡಳಿಯ ಪ್ರಮಾಣಪತ್ರ ದೊರೆಯುತ್ತದೆ. ಇದಲ್ಲದೆ ಉದ್ಯಮ ಮತ್ತು ವೃತ್ತಿಶಾಲೆ ತಮ್ಮ ತಮ್ಮ ಪ್ರಮಾಣಪತ್ರಗಳನ್ನು ನೀಡುತ್ತವೆ. ಎರಡೂ ವೃತ್ತಿಗಳ ಅರ್ಹತೆಯನ್ನು ಜರ್ಮನಿಯ ಅರ್ಹತಾ ಚೌಕಟ್ಟಿನಲ್ಲಿ 4ನೇ ಹಂತದಲ್ಲಿ ಇರಿಸಲಾಗಿದೆ.

ಅನುಭವ ಪಡೆದ ನಂತರ 'ಮೈಸ್ಟರ್' ಪರೀಕ್ಷೆ ಬರೆಯಬಹುದು. ಇದು 6ನೇ ಹಂತದ ಅರ್ಹತೆ. ಸ್ನಾತಕ ಪದವಿಯೂ ಇದೇ ಹಂತದಲ್ಲಿದೆ. ಮೈಸ್ಟರ್ ಆದವರು ಕಿರಿಯರಿಗೆ ತರಬೇತಿ ಕೊಡಲು ಅರ್ಹರು ಮತ್ತು ವಿಶ್ವವಿದ್ಯಾಲಯಕ್ಕೂ ಸೇರಬಹುದು.

ಆರೋಗ್ಯ ಮತ್ತು ಸುರಕ್ಷತೆ

ಸಿಲಿಕಾದ ಧೂಳು ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಎಂಬ ಗುಣವಾಗದ ಕಾಯಿಲೆ ಬರುತ್ತದೆ. ಆದ್ದರಿಂದ ಕತ್ತರಿಸುವ, ಅರೆಯುವ ಕೆಲಸಗಳನ್ನು ನೀರು ಅಥವಾ ತಂಪುದ್ರವ ಹರಿಸಿ ಮಾಡಲಾಗುತ್ತದೆ; ಮೂಲವಸ್ತುಗಳ ಮಿಶ್ರಣದ ಜಾಗದಲ್ಲಿ ಧೂಳನ್ನು ಹೀರುವ ವ್ಯವಸ್ಥೆ ಇರುತ್ತದೆ. ಹಿಂದೆ ಫ್ಲಿಂಟ್ ಗಾಜಿನಲ್ಲಿ ಸೀಸದ ಆಕ್ಸೈಡನ್ನೂ, ಗುಳ್ಳೆ ಹೋಗಲಾಡಿಸಲು ಆರ್ಸೆನಿಕ್ ಆಕ್ಸೈಡನ್ನೂ ಬಳಸುತ್ತಿದ್ದರು. ಪರಿಸರ ಮತ್ತು ಆರೋಗ್ಯದ ಕಾರಣದಿಂದ ಈಗ ಬಹುತೇಕ ಗಾಜುಗಳಲ್ಲಿ ಬದಲಿ ವಸ್ತುಗಳು ಬಂದಿವೆ. 18 ವರ್ಷಕ್ಕಿಂತ ಕಿರಿಯರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 40 ಗಂಟೆಗಳ ಮಿತಿಯನ್ನು ಕಾನೂನು ವಿಧಿಸಿದೆ.

ಯಂತ್ರಗಳು ಮತ್ತು ಕೈಕೆಲಸ

ಇಂದು ಹೆಚ್ಚಿನ ಸಂಖ್ಯೆಯಲ್ಲಿ ಬೇಕಾಗುವ ಮಸೂರಗಳನ್ನು ಗಣಕ ನಿಯಂತ್ರಿತ ಯಂತ್ರಗಳು ತಯಾರಿಸುತ್ತವೆ. ಕಾಂತೀಯ ದ್ರವದಿಂದ ಹೊಳಪು ಕೊಡುವುದು, ಅಯಾನುಗಳ ಧಾರೆಯಿಂದ ಮೇಲ್ಮೈಯನ್ನು ತಿದ್ದುವುದು ಮೊದಲಾದ ವಿಧಾನಗಳು ಕೈಗೆ ಎಟುಕದ ನಿಖರತೆಯನ್ನು ಸಾಧಿಸಿವೆ. ಆದರೂ ತರಬೇತಿಯಲ್ಲಿ ಕೈಯಿಂದ ಅರೆಯುವ, ಹೊಳಪು ಕೊಡುವ ಅಭ್ಯಾಸಕ್ಕೆ ಸ್ಥಾನವಿದೆ. ಒಂದೆರಡು ಮಾತ್ರ ಬೇಕಾಗುವ ಮಾದರಿ ಭಾಗಗಳಿಗೆ, ದುರಸ್ತಿಗೆ ಹಾಗೂ ಅಸಾಮಾನ್ಯ ಆಕಾರದ ಪಟ್ಟಕಗಳಿಗೆ ಕೈಕೆಲಸ ಈಗಲೂ ಬೇಕು. ಅಲ್ಲದೆ, ಯಂತ್ರ ಕೊಟ್ಟ ಮೇಲ್ಮೈಯಲ್ಲಿ ದೋಷ ಕಂಡಾಗ ಅದು ಉಪಕರಣದ ಸವೆತದಿಂದ ಬಂದುದೋ, ಅಂಟಿಸಿದ ಬಿಗಿತದಿಂದಲೋ, ತಾಪದಿಂದಲೋ ಎಂದು ಹೇಳಬಲ್ಲವರು ಆ ಕೆಲಸವನ್ನು ಕೈಯಿಂದ ಮಾಡಿ ಬಲ್ಲವರೇ.

ಭಾರತದೊಂದಿಗೆ ಸಂಬಂಧ

ಭಾರತದಲ್ಲಿ ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಸಿರಾಮಿಕ್ ಸಂಶೋಧನಾ ಸಂಸ್ಥೆ ಆಪ್ಟಿಕಲ್ ಗಾಜಿನ ತಯಾರಿಕೆಯನ್ನು ದೇಶೀಯವಾಗಿ ಬೆಳೆಸಿತು. ಕೈಗಾರಿಕೆಗಳಲ್ಲಿ ಕೆಲಸ ಕಲಿಯುವವರ ತರಬೇತಿಗೆ ದೇಶದಲ್ಲಿ 1961ರ ಅಪ್ರೆಂಟಿಸ್ ಕಾಯ್ದೆ ಅನ್ವಯವಾಗುತ್ತದೆ.

ಗಾಜನ್ನು ದೃಗುಪಕರಣವಾಗಿಸುವ ಕೆಲಸದಲ್ಲಿ ಬೆಂಗಳೂರಿಗೆ ವಿಶೇಷ ಸ್ಥಾನವಿದೆ. ತಮಿಳುನಾಡಿನ ಕಾವಲೂರಿನಲ್ಲಿರುವ 2.34 ಮೀಟರ್ ವ್ಯಾಸದ ವೇಣು ಬಾಪು ದೂರದರ್ಶಕದ ಮುಖ್ಯ ದರ್ಪಣವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕಾರ್ಯಾಗಾರದಲ್ಲಿ ಅರೆದು ಹೊಳಪುಗೊಳಿಸಲಾಯಿತು. ಅದರ ಬಿಲ್ಲೆ ಷಾಟ್ ಸಂಸ್ಥೆಯ 'ಜೆರೊಡುರ್' ಎಂಬ ಗಾಜು-ಸಿರಾಮಿಕ್ ವಸ್ತುವಿನದು. ತಾಪ ಏರಿಳಿದರೂ ಬಹುತೇಕ ಹಿಗ್ಗದ, ಕುಗ್ಗದ ಗುಣ ಅದಕ್ಕಿದೆ. ಈ ದೂರದರ್ಶಕ 1986ರಲ್ಲಿ ಕಾರ್ಯಾರಂಭ ಮಾಡಿತು. 30 ಮೀಟರ್ ದೂರದರ್ಶಕ ಯೋಜನೆಯ ಮುಖ್ಯ ದರ್ಪಣಕ್ಕೆ ಬೇಕಾದ 492 ಖಂಡಗಳಲ್ಲಿ ಭಾರತದ ಪಾಲಿನವುಗಳಿಗೆ ಹೊಳಪು ಕೊಡಲು ಅದೇ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ ಘಟಕವೊಂದನ್ನು ನಿರ್ಮಿಸಲಾಗಿದೆ. ಇಸ್ರೊದ ಉಪಗ್ರಹಗಳಿಗೆ ಬೇಕಾದ ದೃಕ್ ಸಂವೇದಕಗಳನ್ನು ಬೆಂಗಳೂರಿನ ಎಲೆಕ್ಟ್ರೊ-ಆಪ್ಟಿಕ್ಸ್ ವ್ಯವಸ್ಥೆಗಳ ಪ್ರಯೋಗಾಲಯ ರೂಪಿಸುತ್ತದೆ.

ಇವನ್ನೂ ನೋಡಿ

• ಮಸೂರ
• ವಕ್ರೀಭವನ
• ದೂರದರ್ಶಕ
• ಸೂಕ್ಷ್ಮದರ್ಶಕ
• ಯೋಸೆಫ್ ಫಾನ್ ಫ್ರೌನ್‌ಹೋಫರ್
• ಭಾರತೀಯ ಖಭೌತ ಸಂಸ್ಥೆ